ನದಿಮೂಲದ ನಡಿಗೆ: ದೇಹಕ್ಕೂ ನೀರಿಗೂ ಹಿತ

ತುಂಗಾ ಮತ್ತು ಭದ್ರಾ ನದಿಗಳು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ಉಗಮಿಸುತ್ತವೆ. ಈ ಜಲಾನಯನ ಪ್ರದೇಶವು 1987ರಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ರಕ್ಷಣೆಯಲ್ಲಿದೆ. ಸುಮಾರು 1890 ಮೀಟರ್ ಎತ್ತರದ ಕುದುರೆಮುಖ ಶಿಖರಕ್ಕೆ ಚಾರಣ ಹೊರಡುವವರು ಅರಣ್ಯ ಇಲಾಖೆಯ ಅನುಮತಿ ಪಡೆದು, ಮಾರ್ಗದರ್ಶಕರೊಡನೆಯೇ ನಡೆಯಬೇಕು.

ಈ ನಿಯಮಕ್ಕೆ ಕಾರಣವಿದೆ. ಹುಲ್ಲುಗಾವಲು ಹಾಗೂ ಶೋಲಾ ಕಾಡಿನ ಸಡಿಲ ಮಣ್ಣು ಮಳೆನೀರನ್ನು ಹೀರಿಟ್ಟುಕೊಂಡು, ಬೇಸಿಗೆಯಲ್ಲಿ ತೊರೆಗಳಿಗೆ ಮೆಲ್ಲನೆ ಬಿಡುತ್ತದೆ. ದಾರಿ ಬಿಟ್ಟು ತುಳಿದಲ್ಲಿ ಮಣ್ಣು ಗಟ್ಟಿಯಾಗಿ, ನೀರು ಇಂಗದೆ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹರಿಯುತ್ತದೆ. ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುವ ಈ ನೀರೇ ಬಯಲುಸೀಮೆಯ ಹೊಲ ಮನೆಗಳಿಗೆ ಆಧಾರ.

ಏರುದಾರಿಯ ನಡಿಗೆ ಹೃದಯಕ್ಕೂ ಶ್ವಾಸಕೋಶಕ್ಕೂ ಉತ್ತಮ ವ್ಯಾಯಾಮ. ಇಳಿಯುವಾಗ ಮಂಡಿಗಳ ಮೇಲೆ ಭಾರ ಹೆಚ್ಚು. ಹೃದ್ರೋಗ, ಮಂಡಿನೋವು ಉಳ್ಳವರು ವೈದ್ಯರ ಸಲಹೆ ಪಡೆದೇ ಹೊರಡಬೇಕು. ಮಾತನಾಡುತ್ತ ನಡೆಯಲಾಗುವಷ್ಟು ವೇಗ ಸಾಕು. ತೊರೆಯ ನೀರು ತಿಳಿಯಾಗಿ ಕಂಡರೂ, ಕುದಿಸಿ ಆರಿಸಿದ ನೀರನ್ನೇ ಕುಡಿಯಬೇಕು.

ಮಲೆನಾಡಿನ ಕಾಡುಗಳಲ್ಲಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಉಣ್ಣೆಗಳ ಕಡಿತದಿಂದ ಬರುವ ಮಂಗನ ಕಾಯಿಲೆಯ ಭಯವೂ ಉಂಟು. ತುಂಬುತೋಳಿನ ಉಡುಪು ಧರಿಸಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಬೇಕು. ಸತ್ತ ಮಂಗ ಕಂಡರೆ ಸಮೀಪಿಸದೆ ಮಾರ್ಗದರ್ಶಕರಿಗೆ ತಿಳಿಸಬೇಕು. ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು, ಉಣ್ಣೆ ಕಚ್ಚಿದೆಯೇ ಎಂದು ಮೈಯೆಲ್ಲ ನೋಡಿಕೊಳ್ಳಬೇಕು. ಹತ್ತು ದಿನಗಳೊಳಗೆ ತೀವ್ರ ಜ್ವರ, ತಲೆನೋವು, ಮೈಕೈನೋವು ಕಾಣಿಸಿಕೊಂಡರೆ ತಡಮಾಡದೆ ವೈದ್ಯರನ್ನು ಕಂಡು, ಕಾಡಿಗೆ ಹೋಗಿದ್ದುದನ್ನು ಮೊದಲು ಹೇಳಬೇಕು. ಸಾಮಾನ್ಯ ಜ್ವರವೆಂದು ಉಪೇಕ್ಷಿಸಿದರೆ ಪ್ರಾಣಾಪಾಯವಾದೀತು.

ಸದ್ಭಕ್ತರು ನದಿಮೂಲದ ಕಾಡಿಗೆ ಪ್ಲಾಸ್ಟಿಕ್, ಸಾಬೂನು ಒಯ್ಯದಿರಲಿ. ಕೆಳಗಿನ ಊರುಗಳಿಗಾಗಿ ನೀರನ್ನು ಶುದ್ಧವಾಗಿ ಉಳಿಸುವುದೂ ದಾಸೋಹವೇ.