ಸ್ವಂತ ದುಡ್ಡಿನ ಕಾಮಿಕ್ಸ್, ಹೆಸರು ‘ಬೋನ್’

ಮಕ್ಕಳ ಕಾಮಿಕ್ಸ್ ನಾವೇ ಬರೆದು, ನಾವೇ ಅಚ್ಚು ಹಾಕಿಸಿ, ನಾವೇ ಮಾರಿ ಬದುಕೋಕಾಗುತ್ತಾ? ಅಮೆರಿಕದ ಒಹಾಯೊದಲ್ಲಿ ಜೆಫ್ ಸ್ಮಿತ್ ಬದುಕಿ ತೋರಿಸಿದರು.

1991. ‘ಕಾರ್ಟೂನ್ ಬುಕ್ಸ್’ ಅಂತ ಸ್ವಂತ ಪ್ರಕಾಶನ. ಅದರಿಂದ ಬಂದ ಕಾಮಿಕ್ಸ್ ‘ಬೋನ್’. ದೊಡ್ಡ ಮೂಗಿನ, ಬೆಳ್ಳಗಿನ ಮೂರು ಪುಟಾಣಿ ಜೀವಗಳು. ಊರವರು ಓಡಿಸಿದ ಮೇಲೆ ಡ್ರ್ಯಾಗನ್ ಇರುವ ಕಣಿವೆಗೆ ಬಂದು ಬೀಳುತ್ತವೆ. ಪುಟಗಳೆಲ್ಲ ಬರೀ ಕಪ್ಪು ಬಿಳುಪು. ಬಣ್ಣದ ಅಚ್ಚು ದುಬಾರಿ ನೋಡಿ!

ವ್ಯಾಪಾರ ನೋಡಿಕೊಂಡದ್ದು ಹೆಂಡತಿ ವಿಜಯಾ ಅಯ್ಯರ್. ಚಿತ್ರ ಬರೆದವರನ್ನಷ್ಟೇ ಹೊಗಳಿ ಲೆಕ್ಕ ನೋಡಿದವರನ್ನು ಮರೆಯೋದು ಅನ್ಯಾಯ.

ಗುಟ್ಟು ಇಲ್ಲಿದೆ. ಬಿಡಿ ಸಂಚಿಕೆ ಅಂಗಡಿಯಲ್ಲಿ ಹೆಚ್ಚು ದಿನ ಉಳಿಯಲ್ಲ. ಹೊಸದು ಬಂತು ಅಂದರೆ ಹಳೆಯದು ಮೂಲೆಗೆ. ಅದಕ್ಕೇ ಇವರು ಕೆಲವು ಸಂಚಿಕೆ ಒಟ್ಟುಗೂಡಿಸಿ ಪುಸ್ತಕ ಮಾಡಿದರು, ಖಾಲಿಯಾದಂತೆ ಮತ್ತೆ ಅಚ್ಚು ಹಾಕಿಸಿದರು. ತಡವಾಗಿ ಬಂದ ಓದುಗರಿಗೂ ಕತೆ ಮೊದಲಿಂದ ಸಿಕ್ಕಿತು. ಲೈಬ್ರರಿಗಳಿಗೂ ಇಂಥ ಪುಸ್ತಕವೇ ಅನುಕೂಲ. ಕಾಮಿಕ್ಸ್ ಅಂಗಡಿಗೆ ಕಾಲಿಡದ ಮಕ್ಕಳು ಸಿಗೋದು ಅಲ್ಲೇ ತಾನೇ?

2004ಕ್ಕೆ 55 ಸಂಚಿಕೆಯಲ್ಲಿ ಕತೆ ಮುಗೀತು. ಹಕ್ಕು ಮಾತ್ರ ಸ್ಮಿತ್ ಕೈಯಲ್ಲೇ ಇತ್ತು. ಮರುವರ್ಷ ದೊಡ್ಡ ಪ್ರಕಾಶಕರಾದ ಸ್ಕೊಲಾಸ್ಟಿಕ್, ತಮ್ಮ ‘ಗ್ರಾಫಿಕ್ಸ್’ ವಿಭಾಗವನ್ನು ಶುರು ಮಾಡಿದ್ದೇ ಬೋನ್‌ನ ಬಣ್ಣದ ಆವೃತ್ತಿಯಿಂದ.

ಕನ್ನಡದಲ್ಲಿ ಮಕ್ಕಳ ಕಾಮಿಕ್ಸ್ ಮಾಡೋಕೆ ಹೊರಟಿದ್ದೀರಾ? ಯಾರಿಗೆ ಬೇಕಾದರೂ ಕೊಡಿ, ಆದರೆ ಹಕ್ಕಿನ ಕರಾರಿಗೆ ಸಹಿ ಹಾಕುವ ಮುಂಚೆ ಪೂರ್ತಿ ಓದಿ.