ಪುಟ್ಟ ಕೈಗಡಿಯಾರದ ದೊಡ್ಡ ಭೌತಶಾಸ್ತ್ರ

ನಿಮ್ಮ ಮನೆಯ ಒಡವೆ ಪೆಟ್ಟಿಗೆಯ ಮೂಲೆಯಲ್ಲಿ ಅಜ್ಜಿಯದೋ ಅಮ್ಮನದೋ ಒಂದು ಪುಟ್ಟ, ಕೀ ಕೊಡುವ ಕೈಗಡಿಯಾರ ಇರಬಹುದು. ಅದರ ಮುಖ ಒಂದು ರೂಪಾಯಿ ನಾಣ್ಯಕ್ಕಿಂತಲೂ ಚಿಕ್ಕದು. ಅದು ನಿಂತು ವರ್ಷಗಳೇ ಆಗಿರಬಹುದು. "ಹೆಂಗಸರ ವಾಚು ಬರೀ ಅಲಂಕಾರಕ್ಕೆ, ಸರಿಯಾದ ಹೊತ್ತು ತೋರಿಸುವುದಿಲ್ಲ" ಎಂಬ ಮಾತನ್ನು ನೀವೂ ಕೇಳಿರಬಹುದು. ವಿದ್ಯಾರ್ಥಿಯಾಗಿದ್ದಾಗ ನಾನು ಇದನ್ನೇ ಶಾಲಾ ಶಿಕ್ಷಕಿಯಾಗಿದ್ದ ನನ್ನ ತಾಯಿಗೆ ಹೇಳಿದ್ದೆ. ಅವರ ಗಡಿಯಾರ ದಿನಕ್ಕೆ ಒಂದೂವರೆ ನಿಮಿಷ ಹಿಂದೆ ಬೀಳುತ್ತಿತ್ತು.

ಒಂದು ದಿನಕ್ಕೆ 86,400 ಸೆಕೆಂಡುಗಳು. ಅದರಲ್ಲಿ 90 ಸೆಕೆಂಡು ಎಂದರೆ ಸುಮಾರು ಸಾವಿರದಲ್ಲಿ ಒಂದು ಪಾಲು. ನಮ್ಮ ಪ್ರಯೋಗಶಾಲೆಯ ಸರಳ ಲೋಲಕದಲ್ಲಿ ದೋಷ ಶೇಕಡ 1ಕ್ಕೆ ಇಳಿದರೂ ನಾವು ಸಂತೋಷಪಡುತ್ತೇವೆ! ಆ ಪುಟ್ಟ ಯಂತ್ರ ಎಂಥ ಕಷ್ಟದ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ.

ಗಡಿಯಾರದ ಹೃದಯ

ಕೀ ಕೊಡುವ ಗಡಿಯಾರದಲ್ಲಿ ಕಾಲವನ್ನು ಅಳೆಯುವುದು ಬ್ಯಾಲನ್ಸ್ ಚಕ್ರ ಮತ್ತು ಅದಕ್ಕೆ ಜೋಡಿಸಿದ, ಕೂದಲೆಳೆಯಂಥ ಸುರುಳಿ ಸ್ಪ್ರಿಂಗ್. ಇಂಥ ಸುರುಳಿಯನ್ನು ಅಳವಡಿಸಿದ ಗಡಿಯಾರವನ್ನು ಕ್ರಿಶ್ಚಿಯನ್ ಹೈಗೆನ್ಸ್ 1675ರಲ್ಲಿ ಪ್ರಕಟಪಡಿಸಿದ. ಚಕ್ರದ ಜಡತ್ವ ಭ್ರಾಮಕವನ್ನು (ಮೊಮೆಂಟ್ ಆಫ್ ಇನರ್ಷಿಯಾ) ಸ್ಪ್ರಿಂಗಿನ ಬಿಗುಪಿನಿಂದ ಭಾಗಿಸಿ ವರ್ಗಮೂಲ ತೆಗೆದರೆ, ಆವರ್ತಕಾಲ ಅದಕ್ಕೆ ಅನುಪಾತದಲ್ಲಿರುತ್ತದೆ. ಹಳೆಯ ಗಡಿಯಾರಗಳಲ್ಲಿ ಬಹಳಷ್ಟು ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ ಐದು ಬಾರಿ, ಟಿಕ್ ಎನ್ನುತ್ತವೆ. ದಿನಕ್ಕೆ 4,32,000 ಟಿಕ್. ವರ್ಷಕ್ಕೆ 15 ಕೋಟಿಗೂ ಹೆಚ್ಚು.

ಅರ್ಧ ಮಾಡಿದರೆ ಏನಾಗುತ್ತದೆ?

ಈಗ ಗಡಿಯಾರದ ಪ್ರತಿಯೊಂದು ಅಳತೆಯನ್ನೂ ಅರ್ಧಕ್ಕೆ ಇಳಿಸಿ ನೋಡಿ. ಚಕ್ರದ ದ್ರವ್ಯರಾಶಿ 1/8 ಆಗುತ್ತದೆ. ಜಡತ್ವ ಭ್ರಾಮಕವು ದ್ರವ್ಯರಾಶಿ ಮತ್ತು ತ್ರಿಜ್ಯದ ವರ್ಗದ ಗುಣಲಬ್ಧವನ್ನು ಅನುಸರಿಸುವುದರಿಂದ ಅದು 1/32ಕ್ಕೆ ಇಳಿಯುತ್ತದೆ. ಆವೃತ್ತಿ ಮತ್ತು ತೂಗಾಟದ ಕೋನ ಮೊದಲಿನಷ್ಟೇ ಇದ್ದರೆ, ಚಕ್ರದಲ್ಲಿರುವ ಶಕ್ತಿಯೂ 1/32.

ಆದರೆ ಘರ್ಷಣೆ ಅಷ್ಟು ಕಡಿಮೆಯಾಗುವುದಿಲ್ಲ. ಅಚ್ಚಿನ ತುದಿಯಲ್ಲಿ ಒಣ ಘರ್ಷಣೆಯ ಭ್ರಾಮಕವು ತೂಕ ಮತ್ತು ತುದಿಯ ತ್ರಿಜ್ಯವನ್ನು ಅವಲಂಬಿಸಿದೆ. ಅದು 1/16 ಮಾತ್ರ ಆಗುತ್ತದೆ. ಎಣ್ಣೆಯ ಸ್ನಿಗ್ಧತೆಯಿಂದ ಬರುವ ತಡೆ 1/8 ಮಾತ್ರ ಆಗುತ್ತದೆ. ಅಂದರೆ, ಚಕ್ರದ ಶಕ್ತಿಗೆ ಹೋಲಿಸಿದರೆ ಒಣ ಘರ್ಷಣೆಯ ನಷ್ಟ ಎರಡು ಪಟ್ಟು, ಎಣ್ಣೆಯ ತಡೆಯಿಂದ ಆಗುವ ನಷ್ಟ ನಾಲ್ಕು ಪಟ್ಟು! ಎಣ್ಣೆ ಹಳತಾಗಿ ಅಂಟಾದಾಗ ಅಪ್ಪನ ಗಡಿಯಾರ ಇನ್ನೂ ಓಡುತ್ತಿದ್ದರೂ ಅಮ್ಮನದು ಮೊದಲು ನಿಲ್ಲುವುದು ಇದರಿಂದಲೇ.

ಕುಶಲಕರ್ಮಿಗಳ ಉತ್ತರ

ಈ ಕಷ್ಟಕ್ಕೆ ಹಲವು ಜಾಣ ಪರಿಹಾರಗಳು ಬಂದವು. 1925ರಲ್ಲಿ ಸ್ವಿಟ್ಜರ್ಲೆಂಡಿನ ಲೆಕೂಲ್ತ್ರ್ ಸಂಸ್ಥೆ 'ಡ್ಯುಯೋಪ್ಲಾನ್' ಯಂತ್ರವನ್ನು ಹೊರತಂದಿತು. ಭಾಗಗಳನ್ನು ಎರಡು ಅಂತಸ್ತುಗಳಲ್ಲಿ ಹೊಂದಿಸಿದ್ದರಿಂದ, ಕಿರಿದಾದ ಗಡಿಯಾರದಲ್ಲೂ ಬ್ಯಾಲನ್ಸ್ ಚಕ್ರಕ್ಕೆ ಹೆಚ್ಚು ಜಾಗ ಸಿಕ್ಕಿತು. 1929ರಲ್ಲಿ ಅದೇ ಸಂಸ್ಥೆಯ 'ಕ್ಯಾಲಿಬರ್ 101' ಬಂತು: ಉದ್ದ 14 ಮಿ.ಮೀ., ಅಗಲ 4.8 ಮಿ.ಮೀ., ತೂಕ ಸುಮಾರು ಒಂದು ಗ್ರಾಂ.

ಇನ್ನೊಂದು ಉಪಾಯ ಆವೃತ್ತಿಯನ್ನು ಹೆಚ್ಚಿಸುವುದು. ಶಕ್ತಿ ಆವೃತ್ತಿಯ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಗಂಟೆಗೆ 18,000ದ ಬದಲು 28,800 ಟಿಕ್ ಆದರೆ ಅದೇ ಚಕ್ರ ಎರಡೂವರೆ ಪಟ್ಟಿಗೂ ಹೆಚ್ಚು ಶಕ್ತಿ ಪಡೆಯುತ್ತದೆ. ಕೈ ಅಲುಗಾಡಿದರೂ ಲಯ ಅಷ್ಟಾಗಿ ಕೆಡುವುದಿಲ್ಲ. ಉಷ್ಣತೆಯಿಂದ ಸ್ಪ್ರಿಂಗಿನ ಬಿಗುಪು ಬದಲಾಗುವ ತೊಂದರೆಗೆ ನಿಕ್ಕಲ್-ಉಕ್ಕಿನ ಮಿಶ್ರಲೋಹಗಳು ಉತ್ತರವಾದವು. ಅವುಗಳ ಸಂಶೋಧನೆಗಾಗಿ ಶಾರ್ಲ್ ಎದುವಾರ್ ಗಿಯೋಮ್ 1920ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದರು. ಅಜ್ಜಿಯ ಮಣಿಕಟ್ಟಿನಲ್ಲಿ ನೊಬೆಲ್ ಪ್ರಶಸ್ತಿಯ ಒಂದು ಎಳೆ ಇತ್ತೆಂದರೆ ತಪ್ಪಲ್ಲ.

ಮರೆತುಹೋದ ಚರಿತ್ರೆ

ಕೈಗಡಿಯಾರ ಮೊದಲು ಮಹಿಳೆಯರದಾಗಿತ್ತು ಎಂಬುದು ನಿಮಗೆ ಗೊತ್ತೇ? ನೇಪಲ್ಸ್ ರಾಣಿ ಕ್ಯಾರೋಲಿನ್ ಮ್ಯೂರಾಳಿಗಾಗಿ ಬ್ರೆಗೆ 1810ರಲ್ಲಿ ಕೈಗಡಿಯಾರವೊಂದರ ಕೆಲಸ ಆರಂಭಿಸಿದ. ಆಗ ಪುರುಷರದು ಜೇಬುಗಡಿಯಾರ. ಮೊದಲ ಮಹಾಯುದ್ಧದ ಸೈನಿಕರು ಕಟ್ಟಿಕೊಳ್ಳತೊಡಗಿದ ಮೇಲೆ ಕೈಗಡಿಯಾರ ಪುರುಷರಲ್ಲೂ ವ್ಯಾಪಕವಾಯಿತು. ನಮ್ಮಲ್ಲಿ ಎಚ್.ಎಂ.ಟಿ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಿಂದ ಬೆಂಗಳೂರಿನಲ್ಲಿ ಕಾರ್ಖಾನೆ ಆರಂಭಿಸಿತು. ಅದರ 'ಸುಜಾತ' ಮಹಿಳೆಯರಿಗಾಗಿಯೇ ತಯಾರಾದ ಮಾದರಿ.

1969ರ ಡಿಸೆಂಬರಿನಲ್ಲಿ ಸೀಕೊ ಸಂಸ್ಥೆ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಕ್ವಾರ್ಟ್ಸ್ ಹರಳಿಗೆ ಅಚ್ಚೂ ಇಲ್ಲ, ಎಣ್ಣೆಯೂ ಬೇಡ. ಆದ್ದರಿಂದ ಅದು ಚಿಕ್ಕದಾದರೂ ನಿಖರತೆ ಕೆಡದು. ಹೀಗಾಗಿ ಮಹಿಳೆಯರ ಯಾಂತ್ರಿಕ ಗಡಿಯಾರಗಳು ಬಳಕೆಯಿಂದ ಮರೆಯಾದವು. ಚಿನ್ನದ ಕವಚವಿದ್ದವು ಎಷ್ಟೋ ಕರಗಿಸುವ ಮೂಸೆ ಸೇರಿದವು. ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ನಿರ್ಧರಿಸಿತು. ಇಂಥ ಹಳೆಯ ಗಡಿಯಾರಗಳಿಗೆ ಬಿಡಿಭಾಗ ಬೇಕಾದರೆ ಇನ್ನೊಂದು ಹಳೆಯ ಗಡಿಯಾರವೇ ಕೊಡಬೇಕು. ಕೆಟ್ಟದ್ದನ್ನೂ ಎಸೆಯಬೇಡಿ.

ನೀವೇ ಮಾಡಿ ನೋಡಿ

ಬಹುಕಾಲ ನಿಂತ ಗಡಿಯಾರಕ್ಕೆ ಕೀ ಕೊಟ್ಟು ಓಡಿಸಬೇಡಿ. ಒಣಗಿದ ಎಣ್ಣೆ ಮತ್ತು ಧೂಳು ಸೇರಿ ಅಚ್ಚಿನ ತುದಿಗಳನ್ನು ಸವೆಸುತ್ತವೆ. ಮೊದಲು ಅನುಭವಿ ರಿಪೇರಿಯವರಿಂದ ಬಿಚ್ಚಿಸಿ ಶುಚಿ ಮಾಡಿಸಿ. ಡಯಲಿಗೆ ಹೊಸ ಬಣ್ಣ ಹೊಡೆಸಬೇಡಿ. ಮೂಲ ಅಕ್ಷರಗಳೇ ಅದರ ದಾಖಲೆ. ಕತ್ತಲಲ್ಲಿ ಹೊಳೆಯಲೆಂದು ಬಣ್ಣ ಬಳಿದ ಹಳೆಯ ಡಯಲ್ ಆದರೆ ನೀವಾಗಿ ತೆರೆಯಬೇಡಿ: ಅದರಲ್ಲಿ ರೇಡಿಯಂ ಇರಬಹುದು. ಹೊಳಪು ಹೋಗಿದ್ದರೆ ಸವೆದದ್ದು ಸತುವಿನ ಸಲ್ಫೈಡ್. ರೇಡಿಯಂ-226ರ ಅರ್ಧಾಯು ಸುಮಾರು 1600 ವರ್ಷ.

ಶುಚಿಯಾದ ಗಡಿಯಾರವನ್ನು ಒಂದು ದಿನ ಮುಖ ಮೇಲಾಗಿಸಿ, ಇನ್ನೊಂದು ದಿನ ನೆಟ್ಟಗೆ ನಿಲ್ಲಿಸಿ ಇಡಿ. ಪ್ರತಿದಿನ ಒಂದೇ ಹೊತ್ತಿಗೆ ಪೂರ್ತಿ ಕೀ ಕೊಟ್ಟು, ಸರಿಯಾದ ಸಮಯದೊಂದಿಗೆ ಹೋಲಿಸಿ ಬರೆದುಕೊಳ್ಳಿ. ಮಲಗಿಸಿದಾಗ ಅಚ್ಚು ಬರೀ ತುದಿಯ ಮೇಲೆ ನಿಲ್ಲುತ್ತದೆ. ನಿಲ್ಲಿಸಿದಾಗ ಅದರ ಬದಿ ಉಜ್ಜುತ್ತದೆ. ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೆ? ಗಡಿಯಾರ ಇದ್ದಕ್ಕಿದ್ದಂತೆ ಬಹಳ ಮುಂದೆ ಓಡತೊಡಗಿದರೆ ದಿಕ್ಸೂಚಿಯ ಬಳಿ ಹಿಡಿದು ನೋಡಿ. ಕಾಂತತ್ವ ಬಂದಿದ್ದರೆ ಸ್ಪ್ರಿಂಗಿನ ಸುತ್ತುಗಳು ಅಂಟಿಕೊಂಡು ಅದು ಗಿಡ್ಡವಾದಂತೆ ವರ್ತಿಸುತ್ತದೆ.

ಕೆಲವು ವರ್ಷಗಳ ಹಿಂದೆ ಅಮ್ಮನ ಗಡಿಯಾರವನ್ನು ಶುಚಿ ಮಾಡಿಸಿದೆ. ಅದರ ತಪ್ಪು ದಿನಕ್ಕೆ ಇಪ್ಪತ್ತು ಸೆಕೆಂಡಿಗೆ ಇಳಿಯಿತು. ದೋಷ ಗಡಿಯಾರದ್ದಲ್ಲ, ಹಳೆಯ ಎಣ್ಣೆಯದಾಗಿತ್ತು. ನಾನು ಆಡಿದ ಮಾತು ತಪ್ಪೆಂದು ಒಪ್ಪಿಕೊಳ್ಳೋಣವೆಂದರೆ ಆ ಹೊತ್ತಿಗೆ ಅಮ್ಮ ಇರಲಿಲ್ಲ. ನಿಮ್ಮ ಮನೆಯ ಗಡಿಯಾರವನ್ನು ಕಟ್ಟಿದವರು ಇನ್ನೂ ಇದ್ದರೆ, ಅದನ್ನು ಈ ವಾರವೇ ಹೊರತೆಗೆಯಿರಿ.