ಕಲಾವಿದನ ರಾಜಕೀಯ ಅಭಿಮತವೂ ಲೋಕದ ಮುನಿಸೂ: ಚಾಪ್ಲಿನ್ ಪ್ರಕರಣದ ಒಂದು ವಿವೇಚನೆ

ಲೋಕವಿಖ್ಯಾತನಾದ ನಟನೊಬ್ಬನು ರಾಜಕೀಯದ ಮಾತನ್ನಾಡಿದಾಗ ಜನ ಕೇಳುವ ಮೊದಲ ಪ್ರಶ್ನೆ ಆ ಮಾತು ನಿಜವೇ ಸುಳ್ಳೇ ಎಂಬುದಲ್ಲ. ಇದನ್ನು ಆಡಲು ಇವನು ಯಾರು ಎಂಬುದು. ಅದೇ ಮಾತನ್ನು ಒಬ್ಬ ವಕೀಲನೋ ಅಧ್ಯಾಪಕನೋ ವರ್ತಕನೋ ಆಡಿದರೆ ಒಪ್ಪುವವರು ಒಪ್ಪುತ್ತಾರೆ, ಒಪ್ಪದವರು ವಾದಿಸುತ್ತಾರೆ ಅಥವಾ ಸುಮ್ಮನಾಗುತ್ತಾರೆ. ನಟ, ಗಾಯಕ, ಮಲ್ಲ, ಕಾದಂಬರಿಕಾರ ಇವರ ವಿಷಯದಲ್ಲಿ ಹಾಗಾಗುವುದಿಲ್ಲ. ಅವರ ಮಾತಿನಿಂದ ನೊಂದವನು ತನ್ನ ಮನೆಯವರೇ ತನಗೆ ದ್ರೋಹ ಬಗೆದರೆಂಬಂತೆ ಕೆರಳುತ್ತಾನೆ. ಈ ಕೆರಳಿಕೆ ಹೇಗೆ ಹುಟ್ಟುತ್ತದೆ, ಯಾರ ಕೈಯಲ್ಲಿ ಆಯುಧವಾಗುತ್ತದೆ, ಎಂದು ತಣಿಯುತ್ತದೆ ಎಂಬುದನ್ನು ಅರಿಯಲು ಚಾರ್ಲಿ ಚಾಪ್ಲಿನ್ನನ ಪ್ರಕರಣದಷ್ಟು ಪೂರ್ಣವಾದ ನಿದರ್ಶನ ಬೇರೊಂದು ದೊರೆಯುವುದು ಕಷ್ಟ. ಅದಕ್ಕೆ ಮೊದಲಿನಿಂದ ಕೊನೆಯವರೆಗೆ ಲಿಖಿತ ಆಧಾರವುಂಟು, ಅಮೆರಿಕದ ಎಫ್.ಬಿ.ಐ. ಇಲಾಖೆ ಅವನ ವಿಷಯವಾಗಿ ಕೂಡಿಹಾಕಿದ ಕಡತವೇ ಸುಮಾರು 1,900 ಪುಟಗಳಷ್ಟಿದೆ.

ಚಾಪ್ಲಿನ್ನನು 1889ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ಬಡವರ ಗಂಜಿಕೇಂದ್ರದಲ್ಲಿ ಬಾಲ್ಯದ ಕೆಲವು ಕಾಲ ಕಳೆದವನು. 1910ರಲ್ಲಿ ಫ್ರೆಡ್ ಕಾರ್ನೋ ಎಂಬವನ ನಾಟಕ ಮಂಡಳಿಯೊಡನೆ ಅಮೆರಿಕಕ್ಕೆ ಬಂದು, 1914ರಿಂದ ಚಲಚ್ಚಿತ್ರಗಳಲ್ಲಿ ಕಾಣಿಸಿಕೊಂಡು, ಎರಡೇ ವರ್ಷಗಳಲ್ಲಿ ವರ್ಷಕ್ಕೆ 6,70,000 ಡಾಲರುಗಳ ಕರಾರಿಗೆ ರುಜು ಹಾಕಿದನು. ಅವನ ಖ್ಯಾತಿಯ ಬಗೆಗೆ ಹೇಳಬೇಕಾದ ಮುಖ್ಯ ಸಂಗತಿ ಈ ಸಂಭಾವನೆಯಲ್ಲ, ಅವನ ಮೌನ. ಹರಕು ಬೂಟು, ದೊಗಲೆ ಇಜಾರು, ಬೆತ್ತ, ಪುಟ್ಟ ಮೀಸೆಗಳ ಆ ಅಲೆಮಾರಿ ತೆರೆಯ ಮೇಲೆ ಕಾಲು ಶತಮಾನದ ಕಾಲ ಮಾತನಾಡಲಿಲ್ಲ. ಪ್ರೇಕ್ಷಕನು ತನಗೆ ಬೇಕಾದ ಮಾತನ್ನು ಅವನ ಬಾಯಲ್ಲಿ ತಾನೇ ಇಟ್ಟುಕೊಂಡನು. ಜಪಾನಿನವನಿಗೆ ಅವನು ಜಪಾನಿನವನು, ಮುಂಬಯಿಯ ಗಿರಣಿ ಕೆಲಸಗಾರನಿಗೆ ಗಿರಣಿ ಕೆಲಸಗಾರ. ಅಭಿಪ್ರಾಯವೇ ಇಲ್ಲದವನೊಡನೆ ಜಗಳವಾಡುವವರು ಯಾರು? ಇಂಥವನು ಒಂದು ದಿನ ಬಾಯಿ ತೆರೆದು ತನ್ನ ಸ್ವಂತ ಮಾತನ್ನಾಡಿದರೆ, ಪ್ರತಿಯೊಬ್ಬ ಪ್ರೇಕ್ಷಕನೂ ತಾನು ಅವನ ಬಾಯಲ್ಲಿ ಇಟ್ಟಿದ್ದ ಮಾತನ್ನು ಕಳೆದುಕೊಳ್ಳುತ್ತಾನೆ. ಮುನಿಸಿನ ಮೂಲ ಇಲ್ಲಿದೆಯೆಂದು ತೋರುತ್ತದೆ.

ಮೌನದಲ್ಲಿದ್ದಾಗಲೂ ಅವನಿಗೆ ಒಮ್ಮೆ ಇದರ ಬಿಸಿ ತಟ್ಟಿತ್ತು. ಮೊದಲ ಮಹಾಯುದ್ಧದಲ್ಲಿ ಅವನು ಬ್ರಿಟಿಷ್ ಸೈನ್ಯ ಸೇರಲಿಲ್ಲವೆಂದು ಆ ದೇಶದ ಪತ್ರಿಕೆಗಳು ಹೀಯಾಳಿಸಿದವು. ಹೇಡಿಗಳ ಕುರುಹಾದ ಬಿಳಿಯ ಗರಿಗಳು ಅಂಚೆಯಲ್ಲಿ ಬಂದವು. 1918ರಲ್ಲಿ ಅವನು ಮೇರಿ ಪಿಕ್‌ಫರ್ಡ್, ಡಗ್ಲಸ್ ಫೇರ್‌ಬ್ಯಾಂಕ್ಸ್ ಇವರೊಡನೆ ಊರೂರು ಸುತ್ತಿ ಅಮೆರಿಕದ ಯುದ್ಧಸಾಲದ ಪತ್ರಗಳನ್ನು ಮಾರಿಸಿದನು. ಅದರ ಪ್ರಚಾರಕ್ಕಾಗಿ ತನ್ನ ಖರ್ಚಿನಲ್ಲಿ ಒಂದು ಕಿರುಚಿತ್ರವನ್ನೂ ತೆಗೆದನು. ಗಮನಿಸತಕ್ಕದ್ದೇನೆಂದರೆ, ನಟನು ರಾಜಕೀಯದಲ್ಲಿ ತಲೆಹಾಕಬಾರದೆಂದು ಆಗ ಯಾರೂ ಹೇಳಲಿಲ್ಲ. ಸರಕಾರದ ಸಾಲಪತ್ರವನ್ನು ಮಾರುವುದು ರಾಜಕೀಯವೆಂದು ಯಾರಿಗೂ ಅನ್ನಿಸಲಿಲ್ಲ.

1940ರ 'ದಿ ಗ್ರೇಟ್ ಡಿಕ್ಟೇಟರ್' ಚಿತ್ರದ ಕೊನೆಯಲ್ಲಿ ಅವನು ವೇಷವನ್ನು ಬದಿಗಿಟ್ಟು, ನೇರವಾಗಿ ಪ್ರೇಕ್ಷಕರನ್ನು ನೋಡುತ್ತ ಮಾನವಕುಲದ ಐಕ್ಯದ ಮೇಲೆ ದೀರ್ಘ ಭಾಷಣ ಮಾಡಿದನು. ವಿಮರ್ಶಕರಲ್ಲಿ ಹಲವರು ಅದು ಚಿತ್ರಕ್ಕೆ ಹೊರೆಯೆಂದರು. ಕಲೆಯ ದೃಷ್ಟಿಯಿಂದ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಚಿತ್ರಮಂದಿರಗಳು ತುಂಬಿದವು. ತರುವಾಯ 1942ರ ಮೇ ತಿಂಗಳಿನಲ್ಲಿ, ರಷ್ಯಕ್ಕೆ ಯುದ್ಧಕಾಲದ ನೆರವು ಕೂಡಿಸಲು ಸಾನ್‌ಫ್ರಾನ್ಸಿಸ್ಕೋದಲ್ಲಿ ನೆರೆದ ಸಭೆಗೆ ಬರಬೇಕಾಗಿದ್ದ ಮಾಜಿ ರಾಯಭಾರಿ ಅಸ್ವಸ್ಥನಾದ್ದರಿಂದ, ಚಾಪ್ಲಿನ್ನನನ್ನು ಬದಲಿಗೆ ಕರೆದರು. ಅವನು ಸಭಿಕರನ್ನು 'ಕಾಮ್ರೇಡ್ಸ್' ಎಂದು ಸಂಬೋಧಿಸಿದನು. ಹಿಟ್ಲರನ ವಿರುದ್ಧ ಪಶ್ಚಿಮದಲ್ಲಿ ಎರಡನೆಯ ರಣರಂಗವನ್ನು ಕೂಡಲೇ ತೆರೆಯಬೇಕೆಂದನು. ಅದೇ ವರ್ಷ ನ್ಯೂಯಾರ್ಕಿನ ಸಭೆಗಳಲ್ಲಿ, ಒಮ್ಮೆ ದೂರವಾಣಿಯ ಮೂಲಕ, ಇನ್ನೊಮ್ಮೆ ಕಾರ್ನೆಗಿ ಹಾಲಿನಲ್ಲಿ, ಇದೇ ಮಾತನ್ನಾಡಿದನು. ಆಗ ರಷ್ಯ ಅಮೆರಿಕದ ಮಿತ್ರರಾಷ್ಟ್ರ. ಸಭಿಕರು ಕರತಾಡನ ಮಾಡಿದರು.

ಐದು ವರ್ಷ ಕಳೆಯುವಷ್ಟರಲ್ಲಿ ಮಿತ್ರನು ಶತ್ರುವಾಗಿದ್ದನು. ಚಾಪ್ಲಿನ್ನನು 1947ರಲ್ಲಿ ಹೊಸದಾಗಿ ಯಾವ ಅಪರಾಧವನ್ನೂ ಮಾಡಬೇಕಾಗಿರಲಿಲ್ಲ. 1942ರ ಮಾತುಗಳೇ ಸಾಕಾದವು. ವಿವಾದವೆಂಬುದು ಮಾತಿನಲ್ಲಿ ಎಷ್ಟು ಇರುತ್ತದೆಯೋ ಪಂಚಾಂಗದಲ್ಲಿಯೂ ಅಷ್ಟೇ ಇರುತ್ತದೆ. ಸಾರ್ವಜನಿಕ ರೋಷವನ್ನು ಅಳೆಯಹೊರಟವರು ಹಲವೊಮ್ಮೆ ಈ ತಿಥಿಯ ಲೆಕ್ಕವನ್ನು ಬಿಟ್ಟುಬಿಡುತ್ತಾರೆ.

ಈ ನಡುವೆ ಅವನ ಖಾಸಗಿ ಬಾಳಿನ ಕಥೆಯೂ ಬೀದಿಗೆ ಬಂದಿತ್ತು. ಅವನ ಹಿಂದಿನ ವಿವಾಹವಿಚ್ಛೇದನಗಳು, 1943ರಲ್ಲಿ 54ರ ವಯಸ್ಸಿನಲ್ಲಿ 18ರ ಊನಾ ಓನೀಲಳನ್ನು ವರಿಸಿದುದು, ತರುಣಿಯೊಬ್ಬಳು ತನ್ನ ಶಿಶುವಿಗೆ ಅವನೇ ತಂದೆಯೆಂದು ಹೂಡಿದ ದಾವೆ, ಇವೆಲ್ಲವೂ ಪತ್ರಿಕೆಗಳಿಗೆ ಹಬ್ಬವಾದವು. ರಕ್ತಪರೀಕ್ಷೆ ಅವನು ತಂದೆಯಲ್ಲವೆಂದು ಸ್ಪಷ್ಟವಾಗಿ ಹೇಳಿತು. ಕ್ಯಾಲಿಫೋರ್ನಿಯದ ಅಂದಿನ ನ್ಯಾಯಪದ್ಧತಿಯಲ್ಲಿ ಅದಕ್ಕೆ ಕೊನೆಯ ಪ್ರಮಾಣದ ಸ್ಥಾನವಿರಲಿಲ್ಲವಾಗಿ, 1945ರಲ್ಲಿ ಪಂಚರು ಅವನ ವಿರುದ್ಧವೇ ತೀರ್ಪಿತ್ತರು. ಅವನ ನಡತೆಯೆಲ್ಲವೂ ಪ್ರಶಂಸನೀಯವೆಂದು ಯಾರೂ ಹೇಳಲಾರರು. ಆದರೆ ನಡತೆಯ ಮೇಲಿನ ಆಕ್ಷೇಪಣೆ ರಾಜಕೀಯದ ಮೇಲಿನ ಆಕ್ಷೇಪಣೆಗೆ ಊರುಗೋಲಾದುದನ್ನು ಇಲ್ಲಿ ನೋಡಬೇಕು. ರಷ್ಯದ ಬಗೆಗೆ ಅವನೊಡನೆ ವಾದಿಸುವಷ್ಟು ತಿಳಿವಳಿಕೆ ಇಲ್ಲದವರಿಗೆ ಅವನ ಶಯನಗೃಹದ ಬಗೆಗೆ ಬೇಕಾದಷ್ಟು ತಿಳಿದಿತ್ತು.

1947ರ ಏಪ್ರಿಲಿನಲ್ಲಿ 'ಮೊಸ್ಯೂ ವೆರ್ದೂ' ಬಿಡುಗಡೆಯಾದಾಗ ನ್ಯೂಯಾರ್ಕಿನಲ್ಲಿ ಪತ್ರಕರ್ತರನ್ನು ಕರೆಸಿದನು. ಚಿತ್ರದ ಮಾತು ಹಿಂದೆ ಬಿದ್ದಿತು. ನೀವು ಕಮ್ಯುನಿಸ್ಟರ ಹಿತೈಷಿಯೇ? ಇಷ್ಟು ವರ್ಷ ಇಲ್ಲಿದ್ದೂ ಈ ದೇಶದ ಪ್ರಜೆಯಾಗಲಿಲ್ಲವೇಕೆ? ಕ್ಯಾಥೊಲಿಕ್ ನಿವೃತ್ತ ಯೋಧರ ಪರವಾಗಿ ಬಂದವನೊಬ್ಬನು ಪಟ್ಟುಹಿಡಿದು ಕೇಳಿದನು. ತಾನು ಯಾವ ಒಂದು ರಾಷ್ಟ್ರಕ್ಕೂ ಅಂಟಿಕೊಂಡವನಲ್ಲವೆಂದೂ, ಅಮೆರಿಕಕ್ಕೆ ಸಲ್ಲಬೇಕಾದ ತೆರಿಗೆಯನ್ನು ಸಲ್ಲಿಸಿರುವನೆಂದೂ ಅವನು ಉತ್ತರಿಸಿದನು. ಸಭೆಯಲ್ಲಿ ಅವನ ಪರವಾಗಿ ಎದ್ದು ಮಾತನಾಡಿದವನು ಜೇಮ್ಸ್ ಏಜೀ ಎಂಬ ಲೇಖಕ. ಜೂನ್ ತಿಂಗಳಿನಲ್ಲಿ ಜಾನ್ ರ‍್ಯಾಂಕಿನ್ ಎಂಬ ಶಾಸನಸಭಾಸದಸ್ಯನು ಅವನನ್ನು ಗಡೀಪಾರು ಮಾಡಬೇಕೆಂದನು.

ಪೌರತ್ವದ ಆ ಪ್ರಶ್ನೆಯಲ್ಲಿ ಇಡೀ ಪ್ರಕರಣದ ತಿರುಳು ಅಡಗಿದೆ. ಉಂಡ ಮನೆಯ ಗಳ ಹಿರಿಯುವುದೆಂದು ನಮ್ಮಲ್ಲಿ ಹೇಳುತ್ತಾರಲ್ಲ, ಅದೇ ಆರೋಪ. ಅಮೆರಿಕದವನೇ ಆದ ನಟನು ತಪ್ಪು ಮಾತನಾಡಿದರೆ ಅವನು ತಪ್ಪಿದವನು. ಹೊರಗಿನಿಂದ ಬಂದವನು ಅದನ್ನೇ ಆಡಿದರೆ ಕೃತಘ್ನ. ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಪ್ರಶ್ನೆಯ ದನಿ ಅಪರಿಚಿತವಾದುದಲ್ಲ. 1960ರ ದಶಕದ ಉತ್ತರಾರ್ಧದಲ್ಲಿ ದಕ್ಷಿಣದವರ ವಿರುದ್ಧ ಮುಂಬಯಿಯಲ್ಲಿ ಎದ್ದ ಗದ್ದಲವನ್ನು ಕಂಡವರು, ನಾಲ್ವತ್ತು ವರ್ಷ ತೆರಿಗೆ ಕಟ್ಟಿದ ಅತಿಥಿಯೂ ಅತಿಥಿಯಾಗಿಯೇ ಉಳಿಯಬಲ್ಲನೆಂಬುದನ್ನು ಬಲ್ಲರು. ಅತಿಥಿಗೆ ಊಟದ ರುಚಿಯನ್ನು ಹೊಗಳುವ ಸ್ವಾತಂತ್ರ್ಯವುಂಟು. ಮನೆಯ ಆಡಳಿತದ ಬಗೆಗೆ ಅವನನ್ನು ಯಾರೂ ಕೇಳಿರುವುದಿಲ್ಲ.

1952ರ ಸೆಪ್ಟೆಂಬರಿನಲ್ಲಿ ಚಾಪ್ಲಿನ್ನನು 'ಲೈಮ್‌ಲೈಟ್' ಚಿತ್ರದ ಪ್ರಥಮ ಪ್ರದರ್ಶನಕ್ಕಾಗಿ ಸಂಸಾರಸಮೇತ 'ಕ್ವೀನ್ ಎಲಿಜಬೆತ್' ಹಡಗಿನಲ್ಲಿ ಲಂಡನ್ನಿಗೆ ಹೊರಟನು. ಹಡಗು ನಡುಗಡಲಿನಲ್ಲಿದ್ದಾಗ ಅಟಾರ್ನಿ ಜನರಲ್ ಮ್ಯಾಕ್‌ಗ್ರೇನರಿ ಅವನ ಮರುಪ್ರವೇಶದ ಪರವಾನಗಿಯನ್ನು ರದ್ದುಮಾಡಿದನು. ಮರಳಿ ಬರಬೇಕಾದರೆ ರಾಜಕೀಯಕ್ಕೂ ನಡತೆಗೂ ಸಂಬಂಧಿಸಿದ ವಿಚಾರಣೆಗೆ ಒಳಗಾಗಬೇಕೆಂಬುದು ನಿಬಂಧನೆ. ಲಂಡನ್ನಿನಲ್ಲಿ ಜನ ಅವನನ್ನು ಮುತ್ತಿಕೊಂಡು ಸ್ವಾಗತಿಸಿದರು. ಅಮೆರಿಕದಲ್ಲಿ ಅವನ ಸ್ವತ್ತೆಲ್ಲವೂ ಸಿಕ್ಕಿಕೊಂಡಿತ್ತು. ಹುಟ್ಟಿನಿಂದ ಅಮೆರಿಕದವಳಾದ್ದರಿಂದ ತಡೆಯಿಲ್ಲದೆ ಹೋಗಿಬರಬಹುದಾಗಿದ್ದ ಊನಾ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋಗಿ, ಕೆಲವೇ ದಿನಗಳಲ್ಲಿ ಹಣವನ್ನೆಲ್ಲ ಯುರೋಪಿಗೆ ವರ್ಗಾಯಿಸುವ ಏರ್ಪಾಡು ಮಾಡಿದಳು. 1953ರಲ್ಲಿ ಅವರು ಸ್ವಿಟ್ಸರ್ಲೆಂಡಿನ ವೆವೇ ಸಮೀಪ ನೆಲೆಸಿದರು. ಆ ಏಪ್ರಿಲಿನಲ್ಲಿ ಚಾಪ್ಲಿನ್ನನು ಪರವಾನಗಿಯನ್ನು ತಾನಾಗಿಯೇ ಹಿಂದಿರುಗಿಸಿದನು.

ಹಾಗಾದರೆ ಅಮೆರಿಕದ ಜನರೆಲ್ಲ ಅವನನ್ನು ದ್ವೇಷಿಸಿದರೇ? ಜನರನ್ನು ಯಾರೂ ಕೇಳಲೇ ಇಲ್ಲವೆಂಬುದು ಇದಕ್ಕೆ ನಿಜವಾದ ಉತ್ತರ. 'ಲೈಮ್‌ಲೈಟ್' ಚಿತ್ರವನ್ನು ಬಹಿಷ್ಕರಿಸಬೇಕೆಂದು ಅಮೆರಿಕನ್ ಲೀಜನ್ ಎಂಬ ನಿವೃತ್ತ ಯೋಧರ ಸಂಘ ಕರೆಕೊಟ್ಟಿತು. ಕೆಲವು ಚಿತ್ರಮಂದಿರಗಳ ಮುಂದೆ ಫಲಕ ಹಿಡಿದು ನಿಂತಿತು. ದೊಡ್ಡ ಚಿತ್ರಮಂದಿರ ಸಮೂಹಗಳು ಚಿತ್ರವನ್ನು ಹಿಂದೆಗೆದುಕೊಂಡವು. ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇದರ ಬಗೆ ಸುಲಭವಾಗಿ ತಿಳಿಯುತ್ತದೆ. 1960ರ ಆಗಸ್ಟಿನಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕು ಮುಚ್ಚಿದಾಗ, ಅದಕ್ಕೆ ಏನೂ ಸಂಬಂಧವಿಲ್ಲದ ಬ್ಯಾಂಕುಗಳ ಬಾಗಿಲಲ್ಲಿಯೂ ಠೇವಣಿದಾರರ ಸಾಲು ನಿಂತಿತು. ಸಾಲಿನಲ್ಲಿ ನಿಂತ ಪ್ರತಿಯೊಬ್ಬನಿಗೂ ತನ್ನ ಬ್ಯಾಂಕಿನ ಮೇಲೆ ಅಪನಂಬಿಕೆ ಇತ್ತೆಂದಲ್ಲ. ಉಳಿದವರು ಹಣ ತೆಗೆದುಬಿಟ್ಟರೆ ತನ್ನ ಗತಿಯೇನೆಂಬ ಭಯ. ಚಿತ್ರಮಂದಿರದ ಒಡೆಯನ ಭಯವೂ ಇದೇ. ತನಗೆ ಚಾಪ್ಲಿನ್ನನ ಮೇಲೆ ಸಿಟ್ಟಿಲ್ಲ, ತನ್ನ ಪ್ರೇಕ್ಷಕರಿಗೂ ಇಲ್ಲದಿರಬಹುದು. ಆದರೆ ಬಾಗಿಲಲ್ಲಿ ಹತ್ತು ಜನ ಫಲಕ ಹಿಡಿದು ನಿಂತರೆ ಒಳಗೆ ಬರುವ ನೂರು ಜನ ಹಿಂಜರಿಯುತ್ತಾರೆ. ಹೀಗೆ ಹತ್ತು ಜನರ ಮುನಿಸು ಲೋಕದ ಮುನಿಸಿನ ಆಕಾರ ತಳೆಯುತ್ತದೆ. ನಮ್ಮ ದೇಶದಲ್ಲಿ 1962ರಿಂದ ಠೇವಣಿಗೆ ವಿಮೆಯ ರಕ್ಷಣೆ ದೊರೆಯಿತು. ಕೀರ್ತಿಗೆ ಅಂಥ ವಿಮೆಯನ್ನು ಯಾವ ದೇಶವೂ ಏರ್ಪಡಿಸಿಲ್ಲ.

ಚಾಪ್ಲಿನ್ನನೂ ಈ ಇಪ್ಪತ್ತು ವರ್ಷ ಸಮಚಿತ್ತನಾಗಿದ್ದನೆನ್ನುವಂತಿಲ್ಲ. ಅಮೆರಿಕವನ್ನು ಅಣಕಿಸಿ 1957ರಲ್ಲಿ ತೆಗೆದ 'ಎ ಕಿಂಗ್ ಇನ್ ನ್ಯೂಯಾರ್ಕ್' ಚಿತ್ರದಲ್ಲಿ ನಗುವಿಗಿಂತ ಕಹಿ ಹೆಚ್ಚು. ಅಲೆಮಾರಿಯ ಹಗುರ ನಡಿಗೆ ಅದರಲ್ಲಿಲ್ಲ. ಹಾಲಿವುಡ್ಡಿನ ಕಾಲುದಾರಿಯಲ್ಲಿ ಕಲಾವಿದರ ಹೆಸರಿನ ನಕ್ಷತ್ರಗಳನ್ನು ಕೂಡಿಸಲು ತೊಡಗಿದಾಗ, ಆ ಊರನ್ನು ಲೋಕವಿಖ್ಯಾತಗೊಳಿಸಿದವನ ಹೆಸರನ್ನೇ ಕೈಬಿಟ್ಟರು. ಕಡೆಗೆ 1972ರ ಏಪ್ರಿಲಿನಲ್ಲಿ ಅಕಾಡೆಮಿಯ ಗೌರವ ಪ್ರಶಸ್ತಿಗಾಗಿ ಅವನನ್ನು ಕರೆಸಿದರು. ಸಭೆಯೆಲ್ಲ ಎದ್ದು ನಿಂತು ಹನ್ನೆರಡು ನಿಮಿಷ ಕರತಾಡನ ಮಾಡಿತೆಂದು ವರದಿ. ನಕ್ಷತ್ರವೂ ಆಗಲೇ ಬಂದಿತು. ಹಿಂದೆ ಲಾಸ್ ಏಂಜಲಿಸಿನಲ್ಲಿ ಪ್ರದರ್ಶಿತವಾಗದ ಕಾರಣ 'ಲೈಮ್‌ಲೈಟ್' ಆ ವರ್ಷದ ಸ್ಪರ್ಧೆಗೆ ಅರ್ಹವಾಗಿ, ಇಪ್ಪತ್ತು ವರ್ಷ ಹಳೆಯ ಸಂಗೀತಕ್ಕೆ 1973ರಲ್ಲಿ ಆಸ್ಕರ್ ದೊರೆತುದು ಈ ಕಥೆಯ ವಿನೋದ.

ಅವನ ಅಭಿಪ್ರಾಯ ಬದಲಾಯಿತೆಂದು ಕ್ಷಮಿಸಿದರೇ? ಅವನು ಯಾವುದನ್ನೂ ಹಿಂದೆಗೆದುಕೊಂಡಿರಲಿಲ್ಲ. ಜನರಿಗೆ ಅವನ ಅಭಿಪ್ರಾಯ ಸರಿಯೆಂದು ಹೊಳೆಯಿತೇ? ಸ್ಟಾಲಿನ್ನನ ರಷ್ಯವನ್ನು ಅವನು ಕಂಡುದಕ್ಕಿಂತ ಲೋಕ ಚೆನ್ನಾಗಿ ಕಂಡಿತ್ತು. ಎಂಬತ್ತುಮೂರು ತುಂಬುತ್ತಿದ್ದ ಆ ಮುದುಕನು ವೇದಿಕೆಯಲ್ಲಿ ಹೆಚ್ಚು ಮಾತನಾಡಲಾರದೆ, ಕೊಟ್ಟ ಟೊಪ್ಪಿಗೆಯನ್ನು ಹಿಡಿದು ಕಣ್ತುಂಬಿ ನಿಂತನು. ಜನರಿಗೆ ಅವರ ಮೂಕ ಅಲೆಮಾರಿ ಮರಳಿ ಸಿಕ್ಕಿದ್ದನು. 2012ರಲ್ಲಿ ಬಹಿರಂಗವಾದ ಬ್ರಿಟಿಷ್ ಗುಪ್ತಚರ ಕಡತಗಳೂ ಅವನಿಂದ ಯಾವ ಅಪಾಯವೂ ಇರಲಿಲ್ಲವೆಂದೇ ಹೇಳಿದವು. ಅಷ್ಟರಲ್ಲಿ ಅವನು ಸತ್ತು 35 ವರ್ಷಗಳಾಗುತ್ತ ಬಂದಿತ್ತು.

ಮುಷ್ಟಿಯೋಧ ಮುಹಮ್ಮದ್ ಅಲಿಯ ವೃತ್ತಾಂತವೂ ಇದೇ ಜಾಡಿನದು, ಆದರೆ ಒಂದು ಭೇದವುಂಟು. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಲೊಪ್ಪದೆ ಪದವಿಯನ್ನೂ ಕಾದಾಟದ ಪರವಾನಗಿಯನ್ನೂ ಕಳೆದುಕೊಂಡು, ಐದು ವರ್ಷಗಳ ಶಿಕ್ಷೆಗೆ ಗುರಿಯಾದ ಅವನಿಗೆ 1971ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಬಿಡುಗಡೆ ದೊರೆಯಿತು. ಅವನ ಪಾಲಿಗೆ ಲೋಕವೇ ತಿರುಗಿ ಅವನ ಬಳಿಗೆ ಬಂದಿತು; ಆ ಯುದ್ಧದ ಬಗೆಗೆ ಅಮೆರಿಕದ ಬಹುಜನರ ಮನಸ್ಸೇ ಬದಲಾಗಿತ್ತು. 1996ರಲ್ಲಿ ಅಟ್ಲಾಂಟದ ಒಲಿಂಪಿಕ್ ಜ್ಯೋತಿಯನ್ನು ಅವನ ನಡುಗುವ ಕೈಗೇ ಕೊಟ್ಟರು. ಆದರೆ ಅಷ್ಟರಲ್ಲಿ ಅವನ ಬಾಯೂ ರೋಗದಿಂದ ಕಟ್ಟಿಹೋಗಿತ್ತೆಂಬುದನ್ನು ಮರೆಯಲಾಗದು.

ಕನ್ನಡ ನಾಡಿನಲ್ಲಿ ಈ ಪರೀಕ್ಷೆ ನಟರಿಗಿಂತ ಸಾಹಿತಿಗಳಿಗೆ ಹೆಚ್ಚಾಗಿ ಒದಗಿದೆ. ರಾಜಕುಮಾರರು 1982ರಲ್ಲಿ ಗೋಕಾಕ್ ಚಳವಳಿಗೆ ಇಳಿದಾಗ ಜನಸಾಗರವೇ ಹಿಂದೆ ಬಂದಿತು. ಅಲ್ಲಿ ನಟನೂ ನೆರೆದ ಜನರೂ ಒಂದೇ ಮಾತನ್ನಾಡುತ್ತಿದ್ದುದರಿಂದ ಪರೀಕ್ಷೆಯೇ ನಡೆಯಲಿಲ್ಲ. ಗೋಪಾಲಕೃಷ್ಣ ಅಡಿಗರು 1971ರಲ್ಲಿ ಜನಸಂಘದ ಪರವಾಗಿ ಲೋಕಸಭೆಗೆ ಸ್ಪರ್ಧಿಸಿ ಸೋತರು. ಶಿವರಾಮ ಕಾರಂತರು ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಅದನ್ನು ನಾಡು ಇಂದಿಗೂ ಹೆಮ್ಮೆಯಿಂದ ನೆನೆಯುತ್ತದೆ. ಅದೇ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತಾಗ ಮತದಾರರು ಅವರನ್ನು ಆರಿಸಲಿಲ್ಲ. ಕಾದಂಬರಿಗಳನ್ನು ಓದುವುದನ್ನು ಮಾತ್ರ ಯಾರೂ ಬಿಡಲಿಲ್ಲ. ಸೋಲಿಸುವುದು ಮುನಿಸಲ್ಲ, ಅಭಿಪ್ರಾಯಕ್ಕೆ ಅಭಿಪ್ರಾಯದಿಂದ ಕೊಟ್ಟ ಉತ್ತರ ಅದು.

ಯು. ಆರ್. ಅನಂತಮೂರ್ತಿಯವರಿಗೆ ದೊರೆತ ಉತ್ತರ ಬೇರೆ ಬಗೆಯದು. ನರೇಂದ್ರ ಮೋದಿಯವರು ಪ್ರಧಾನಿಯಾದ ದೇಶದಲ್ಲಿ ತಾನು ಬದುಕಲು ಬಯಸುವುದಿಲ್ಲವೆಂದು 2013ರಲ್ಲಿ ಅವರು ಆಡಿದ ಮಾತು ಅನೇಕರನ್ನು ನೋಯಿಸಿತು. ಮತದಾರರ ಆಯ್ಕೆಯನ್ನು ಮುಂದಾಗಿಯೇ ಹೀಗಳೆದಂತೆ ಅದು ಕೇಳಿಸಿತೆನ್ನುವವರ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಅದು ಭಾವಾವೇಶದ ಮಾತೆಂದು ಅವರೇ ಬಳಿಕ ಹೇಳಿದರು. ಆದರೆ ವಾದಕ್ಕೆ ಬಂದವರಿಗಿಂತ ಬೆದರಿಕೆಯ ಕರೆ ಮಾಡಿದವರ ಸದ್ದು ಹೆಚ್ಚಾಯಿತು. ಮನೆಗೆ ಪೊಲೀಸರ ಕಾವಲು ಬೇಕಾಯಿತು. 2014ರ ಆಗಸ್ಟ್ 22ರಂದು ಅವರು ತೀರಿಕೊಂಡಾಗ ಸರಕಾರ ಸಕಲ ಗೌರವಗಳೊಡನೆ ಅಂತ್ಯಕ್ರಿಯೆ ನಡೆಸಿತು. ಒಂದೆರಡು ಊರುಗಳಲ್ಲಿ ಪಟಾಕಿ ಸಿಡಿಸಿದವರೂ ಇದ್ದರು. ಅದಕ್ಕೆ ಮೊದಲು, ಚುನಾವಣೆಯ ಫಲಿತಾಂಶ ಬಂದಾಗ, ಅವರ ಹೆಸರಿಗೆ ಪಾಕಿಸ್ತಾನಕ್ಕೆ ಹೋಗುವ ವಿಮಾನದ ಟಿಕೇಟನ್ನು ತೆಗೆಸಿದ್ದರು. ಚಾಪ್ಲಿನ್ನನನ್ನು ಹೊರಗಿನವನೆಂದು ಕರೆಯಲು ಅಮೆರಿಕಕ್ಕೆ ಅವನು ಲಂಡನ್ನಿನಲ್ಲಿ ಹುಟ್ಟಿದುದೊಂದು ನೆಪವಾದರೂ ಇತ್ತು. ಅನಂತಮೂರ್ತಿಯವರು ಹುಟ್ಟಿದುದು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ.